ಮಡಚಿ ನೋಡಿದ ಸಮುದ್ರ

ಇಳಕಲ್ಲಿನ ಅಮಾತೆಪ್ಪ ತನ್ನ ಆಯುಷ್ಯದಲ್ಲಿ ಸಮುದ್ರ ಕಂಡವನಲ್ಲ. ಆದರೂ ಅರಬ್ಬಿ ಸಮುದ್ರದ ಒಂದೂವರೆ ಲಕ್ಷ ತೆರೆಗಳನ್ನು ಒಂದೊಂದಾಗಿ ಅಳೆದು, ಏರು ಇಷ್ಟು, ಇಳಿತ ಇಷ್ಟು, ಅಗಲ ಇಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅಷ್ಟು ತೆರೆಗಳನ್ನು ಮೀನು ಹಿಡಿಯುವವರೂ ಎಣಿಸಿರಲಿಕ್ಕಿಲ್ಲ. ಅವರಿಗೆ ಬೇರೆ ಕೆಲಸವಿರುತ್ತದೆ. ಅಮಾತೆಪ್ಪನಿಗೂ ಒಂದು ಕಾಲದಲ್ಲಿ ಇತ್ತು.

ಅವನ ಕಸುಬು ಸೀರೆಯ ದಡಿಗೆ ನಕ್ಷೆ ಬರೆಯುವುದು. ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಉಳಿಯಬೇಕು ಎಂದು ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ತೋರಿಸಿದರೆ ನೇಕಾರ ಅದರ ಪ್ರಕಾರ ಮಗ್ಗ ಹೂಡುತ್ತಾನೆ. ಒಂದು ಚೌಕ ಆಚೀಚೆ ಆಯಿತೋ, ಆ ತಪ್ಪು ಎಂಟು ಗಜದ ಸೀರೆಯುದ್ದಕ್ಕೂ ಸಾವಿರ ಸಲ ಮೂಡುತ್ತದೆ. ಉಟ್ಟವಳಿಗೆ ಅದು ಕಾಣದೇ ಹೋಗಬಹುದು. ಆದರೆ ಅವಳ ನಾದಿನಿಗೆ ಕಂಡೇ ಕಾಣುತ್ತದೆ. ಆದ್ದರಿಂದ ಅಮಾತೆಪ್ಪನ ಅಪ್ಪ ಅವನಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಒಂದೇ: ನಕ್ಷೆಯ ನಟ್ಟನಡುವೆ ಕೆಂಪು ಗೆರೆ ಎಳೆ, ಗೆರೆಗುಂಟ ಕಾಗದ ಮಡಚು, ಕಿಟಕಿಯ ಬೆಳಕಿಗೆ ಹಿಡಿ. ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಸರಿಯಾಗಿ ಕೂತರೆ ನಕ್ಷೆ ಗೆದ್ದಿತು. ಕೂಡದಿದ್ದರೆ ಸದ್ದಿಲ್ಲದೆ ತಿದ್ದು, ಯಾರಿಗೂ ಹೇಳಬೇಡ. ಹೇಳದೆ ಇರುವುದೂ ಕಸುಬಿನ ಭಾಗವೇ. ತಿದ್ದಿದ್ದೇನೆ ಎಂದರೆ ತಪ್ಪಿತ್ತು ಎಂದು ಒಪ್ಪಿಕೊಂಡಂತಾಗುತ್ತದೆ. ಈ ಜಾಣತನ ಬರವಣಿಗೆಯ ಕಸುಬಿನವರಾದ ನಮಗೂ ಗೊತ್ತಿದೆ. ಫರಕು ಇಷ್ಟೇ, ನಾವು ತಿದ್ದುವ ಗೋಜಿಗೂ ಹೋಗುವುದಿಲ್ಲ.

ಮೂವತ್ತು ವರ್ಷ ಅಮಾತೆಪ್ಪ ಹೀಗೆ ಮಡಚಿ ಮಡಚಿ ನಡೆಸಿದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೆಲಸ ತೆಳ್ಳಗಾಯಿತು. ಹೆಂಗಸರು ಬಂದು ಕೇಳುತ್ತಿದ್ದದ್ದು ಅದೇ ಗೋಮಿ ದಡಿ, ಅದೇ ತೋಪ ತೆನಿ ಸೆರಗು. ಅವುಗಳ ನಕ್ಷೆಗಳೆಲ್ಲ ಊರಿನ ಮಗ್ಗಮಗ್ಗಕ್ಕೂ ಆಗಲೇ ಹೋಗಿದ್ದವು, ಬಹಳಷ್ಟನ್ನು ಬರೆದವನೂ ಅವನೇ. ಚಲೋ ಕೆಲಸ ಮಾಡಿದವನಿಗೆ ಮತ್ತೆ ಕೆಲಸ ಸಿಗುವುದಿಲ್ಲವೆಂಬುದು ಅವನಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಆಗ ಬಂದವರು ಬಂಡೆಪ್ಪ ಮಾಸ್ತರರು.

ಬಂಡೆಪ್ಪನವರು ಹುನಗುಂದದ ಕಡೆಯವರು, ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ವಯಸ್ಸು ಮೂವತ್ತೈದು ಇದ್ದೀತು. ಕರಾವಳಿಗೆ ಹೋಗಿ ಸಮುದ್ರ ವಿಜ್ಞಾನ ಓದಿ ಬಂದಿದ್ದರು. ನೌಕರಿ ಸಿಕ್ಕಿದ್ದು ಮಾತ್ರ ಬಾಗಲಕೋಟೆಯಲ್ಲಿ. ಅಲ್ಲಿಯ ಹೊಳೆಯಲ್ಲಿ ಬೇಸಿಗೆಗೆ ಎಮ್ಮೆಯ ಮೈ ತೋಯುವಷ್ಟೂ ನೀರಿರುವುದಿಲ್ಲ. ಆದರೂ ಹಟ ಬಿಡದೆ ಸಮುದ್ರದ ತೆರೆಗಳ ಮೇಲೆ ಡಾಕ್ಟರೇಟಿಗೆ ಹೆಸರು ಹಚ್ಚಿದ್ದರು. ಮಾರ್ಗದರ್ಶಕ ಪ್ರೊಫೆಸರು ಕರಾವಳಿಯಲ್ಲೇ ಇದ್ದರು. ಅಲ್ಲಿಯ ಬಂದರದ ಕಂಬವೊಂದಕ್ಕೆ ನೀರಿನೊಳಕ್ಕೆ ತಂತಿ ಇಳಿಬಿಟ್ಟಿದ್ದರು. ನೀರು ಏರಿಳಿದಂತೆ ದಡದ ಮೇಲಿನ ಯಂತ್ರದ ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಅಂಥ ಅರವತ್ತೆರಡು ಸುರುಳಿಗಳು ಎರಡು ಟ್ರಂಕುಗಳಲ್ಲಿ ಬಾಗಲಕೋಟೆಗೆ ಬಂದಿದ್ದವು. ಒಂದೊಂದು ತೆರೆಯನ್ನೂ ಅಳೆದು ಅಂಕಿ ಬರೆಯಬೇಕು. ಬಂಡೆಪ್ಪನವರು ಒಂದು ಸುರುಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಕೆಂಪಾಗಿ, ವಿದ್ಯಾರ್ಥಿಗಳು ಬೇರೇನೋ ಸಂಶಯಪಟ್ಟರು.

ಹೆಂಡತಿಗೆ ಸೀರೆ ಕೊಡಿಸಲು ಇಳಕಲ್ಲಿಗೆ ಬಂದವರು ಅಂಗಡಿಯ ಗೋಡೆಯ ಮೇಲೆ ನಕ್ಷೆಯೊಂದನ್ನು ನೋಡಿ ಸೀರೆಯನ್ನೇ ಮರೆತರು. ಮೂಲೆಯಲ್ಲಿ ಕೂತಿದ್ದ ಅಮಾತೆಪ್ಪನ ಹತ್ತಿರ ಬಂದು ಕೇಳಿದರು.

"ಇದನ್ನ ನೀವ ಬರದದ್ದೇನ್ರಿ?"

"ಹೌದ್ರಿ. ಏನರ ತಪ್ಪೈತೇನ್ರಿ?"

"ತಪ್ಪಿಲ್ಲ, ಅದಕ್ಕ ಕೇಳಿದೆ. ನನಗ ತೆರಿ ಅಳಿಯವರೊಬ್ಬರು ಬೇಕಾಗ್ಯಾರ."

"ಏನ ಅಳಿಯವರ್ರಿ?"

"ತೆರಿ. ಸಮುದ್ರದ ತೆರಿ."

ಅಮಾತೆಪ್ಪ ಅಂಗಡಿಯವನ ಮುಖ ನೋಡಿದ. ಅಂಗಡಿಯವನು ಮಾಸ್ತರರ ಹೆಂಡತಿಯ ಮುಖ ನೋಡಿದ. ಆಕೆ ಹೊಸದೇನಲ್ಲ ಎಂಬಂತೆ ಮತ್ತೊಂದು ಸೀರೆಯ ಮಡಿಕೆ ಬಿಚ್ಚಿದರು.

"ಸರ, ನಾವು ಬಾವ್ಯಾಗಿನ ನೀರರ ನೆಟ್ಟಗ ನೋಡಿದವರಲ್ಲ," ಎಂದ ಅಮಾತೆಪ್ಪ.

"ನೀವು ನೀರ ನೋಡೂದು ಬ್ಯಾಡ್ರಿ. ಗೆರಿ ನೋಡಿದ್ರ ಸಾಕು."

ಗೆರೆ ಎಂದ ಮೇಲೆ ಅಮಾತೆಪ್ಪನಿಗೆ ಧೈರ್ಯ ಬಂತು.

ಮುಂದಿನ ವಾರವೇ ಬಂಡೆಪ್ಪನವರು ಬಸ್ಸಿನಲ್ಲಿ ಟ್ರಂಕು ಹೊತ್ತು ತಂದರು. ಕೆಲಸ ಹೇಳಿಕೊಟ್ಟರು. ಸುರುಳಿಯ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ನಿನ ಗೆರೆಯನ್ನು ಹಾಗೇ ಇಳಿಸಿಕೊಳ್ಳಬೇಕು. ಆ ತೆಳು ಕಾಗದವನ್ನು ಚೌಕಳಿ ಕಾಗದದ ಮೇಲಿಟ್ಟು, ತೆರೆ ಎಷ್ಟು ಚೌಕ ಮೇಲೆ ಹೋಗಿದೆ, ಎಷ್ಟು ಚೌಕ ಕೆಳಗೆ ಇಳಿದಿದೆ ಎಣಿಸಿ ಬರೆಯಬೇಕು. ಮೇಲು ಯಾವುದು, ಕೆಳಗೆ ಯಾವುದು ಎಂದು ತಿಳಿಯಲಿ ಎಂದು ಮಾಸ್ತರರು ಪ್ರತಿ ಹಾಳೆಯ ನಟ್ಟನಡುವೆ ಕೆಂಪು ಗೆರೆ ಎಳೆದೇ ಕೊಟ್ಟಿದ್ದರು.

ಆ ಕೆಂಪು ಗೆರೆಯೇ ಎಲ್ಲಕ್ಕೂ ಮೂಲವಾಯಿತು.

ಅಮಾತೆಪ್ಪ ಮೊದಲನೆಯ ಹಾಳೆಯನ್ನು ಇಳಿಸಿಕೊಂಡ. ಕೈ ತನ್ನಷ್ಟಕ್ಕೆ ತಾನೇ ಹಾಳೆಯನ್ನು ಕೆಂಪು ಗೆರೆಗುಂಟ ಮಡಚಿತು, ಕಿಟಕಿಗೆ ಹಿಡಿಯಿತು. ನೆತ್ತಿಗಳೂ ತಗ್ಗುಗಳೂ ಒಂದರ ಪಕ್ಕ ಒಂದು ಬಂದವು, ಆದರೆ ಒಂದಕ್ಕೊಂದು ಸರಿಜೋಡಿ ಆಗಲಿಲ್ಲ. ಮೇಲೆ ತೆರೆಯ ನೆತ್ತಿ ಚೂಪಾಗಿ ಎದ್ದಿತ್ತು. ಕೆಳಗೆ ಅದರ ತಗ್ಗು ಅಗಲವಾಗಿ, ಚಪ್ಪಟೆಯಾಗಿ, ಮೈಗಳ್ಳನ ಹಾಗೆ ಬಿದ್ದುಕೊಂಡಿತ್ತು. ಒಂದಲ್ಲ, ಎಲ್ಲವೂ ಹಾಗೇ. ಅವನಿಗೆ ಸಮುದ್ರದ ಬಗ್ಗೆ ಅಲ್ಲ, ಆ ಯಂತ್ರದ ಬಗ್ಗೆ ಕನಿಕರ ಹುಟ್ಟಿತು. ಪಾಪ, ಪೆನ್ನು ಎಲ್ಲೋ ತಡೆದು ಎಳೆದಾಡುತ್ತಿದೆ. ಮಾಸ್ತರರು ಇಷ್ಟು ಓದಿದವರು. ಅವರ ಕೆಲಸ ಹೀಗೆ ಡೊಂಕಾಗಿ ಹೋಗಬಾರದು. ಚೂಪು ಇದ್ದಲ್ಲಿ ಒಂದು ಚೌಕ ಇಳಿಸಿದ, ಚಪ್ಪಟೆ ಇದ್ದಲ್ಲಿ ಒಂದು ಚೌಕ ಆಳ ಮಾಡಿದ. ಮತ್ತೆ ಮಡಚಿದ. ನೆತ್ತಿ, ತಗ್ಗು ಎರಡೂ ಒಂದೇ ಅಳತೆಗೆ ಬಂದವು. ಯಾರಿಗೂ ಹೇಳಲಿಲ್ಲ.

ಹೀಗೆ ಐದು ವರ್ಷ.

ತೆರೆ ಎಣಿಸಲು ದಿನಕ್ಕೆ ಮೂರು ತಾಸು ಸಾಕಾಗುತ್ತಿತ್ತು. ತಿದ್ದಲು ಇನ್ನೂ ಮೂರು ತಾಸು. ಅಮಾತೆಪ್ಪ ದಣಿದದ್ದು ಬಹುಪಾಲು ಈ ಎರಡನೆಯ ಮೂರು ತಾಸಿನಿಂದ. ಕತ್ತು ಹಿಡಿದುಕೊಂಡಿತು. ಎಡಗಣ್ಣಿನಲ್ಲಿ ನೀರು ಸೋರತೊಡಗಿತು. ಕನ್ನಡಕದ ಗಾಜು ಎರಡು ಸಲ ದಪ್ಪವಾಯಿತು. ಆದರೆ ಮಾಸ್ತರರು ಬಂದಾಗ ಹಾಳೆಗಳನ್ನು ನೋಡಿ, "ಎಷ್ಟ ಸ್ವಚ್ಛ ಬರದೀರಿ ಅಮಾತೆಪ್ಪಣ್ಣ! ಸುರುಳಿಯಾಗ ಎಲ್ಲಾ ಕಲಸಮಲಸ ಕಾಣತಾವು, ನಿಮ್ಮ ಹಾಳ್ಯಾಗ ಮುತ್ತ ಪೋಣಿಸಿದಂಗ ಅದಾವು," ಎಂದರೆ ಅವನು ಆ ದಣಿವನ್ನು ಮರೆಯುತ್ತಿದ್ದ. ಮಾರನೆಯ ದಿನ ಮತ್ತೆ ನೆನಪಾಗುತ್ತಿತ್ತು.

ಹೆಂಡತಿ ಗುರುಲಿಂಗವ್ವನಿಗೆ ಈ ಕೆಲಸದ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

"ಇವತ್ತ ಎಷ್ಟ ತೆರಿ ಬಂದೂ?" ಎಂದು ಅವಳು ಸಂಜೆ ಕೇಳುವಳು.

"ನೂರಾ ನಲವತ್ತು."

"ಅದರಾಗ ಒಂದ ಕೊಡಾ ತುಂಬೂವಂಥಾದ ಬಂತೇನು? ನಳಾ ಬಂದು ಮೂರ ದಿನ ಆತು."

ಅಮಾತೆಪ್ಪ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋಗುವನು.

ಎಂಬತ್ಮೂರನೆಯ ಇಸವಿಯ ಒಂದು ಮಧ್ಯಾಹ್ನ ಬಂಡೆಪ್ಪನವರು ಬಾಗಲಕೋಟೆಯ ಬಸ್ಸಿನಿಂದ ಇಳಿದ ರೀತಿ ನೋಡಿಯೇ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿದ್ದ ಅಹ್ಮದಸಾಬ ಹೇಳಿದ: "ಮಾಸ್ತರ್ಗೆ ಏನೋ ಗಂಡಸ ಮಗಾ ಹುಟ್ಟಿದಂಗೈತಿ." ಮಾಸ್ತರರು ಅಮಾತೆಪ್ಪನನ್ನು ಅಲ್ಲಿಗೇ ಕರೆಸಿಕೊಂಡು, ಬೆಂಚಿನ ಮೇಲೆ ಕೂಡಿಸಿ, ಎರಡು ಚಹಾ ಹೇಳಿ, ಟೇಬಲ್ಲಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ಗೆರೆ ಎಳೆದರು.

"ನೋಡ್ರಿ ಅಮಾತೆಪ್ಪಣ್ಣ. ತೆರಿ ಹೆಂಗಿರತೈತಿ ಅಂತ ನೂರು ವರ್ಷದ ಹಿಂದನ ಪರದೇಶದವರು ಲೆಕ್ಕಾ ಹಾಕಿ ಹೇಳ್ಯಾರ. ಮ್ಯಾಲ ಚೂಪ, ಕೆಳಗ ಚಪ್ಪಟಿ. ತೆರಿ ದೊಡ್ಡದಾದಷ್ಟೂ, ನೀರು ಆಳ ಇಲ್ಲದಷ್ಟೂ ಇನ್ನೂ ಹಂಗ. ಎಲ್ಲಾ ಪುಸ್ತಕದಾಗ ಇದ ಐತಿ. ಆದ್ರ ನಮ್ಮ ಬಂದರದಾಗ?"

ಅವರು ಮತ್ತೆ ಬೆರಳದ್ದಿ ಇನ್ನೊಂದು ಗೆರೆ ಎಳೆದರು. ಅದು ಮೇಲೆ ಎಷ್ಟೋ ಕೆಳಗೂ ಅಷ್ಟೇ ಇತ್ತು.

"ಎರಡೂ ಒಂದ ನಮೂನಿ! ಕನ್ನಡಿ ಹಿಡದಂಗ. ಅರವತ್ತೆರಡು ಸುರುಳಿನೂ ಇದನ್ನ ಹೇಳ್ತಾವು. ಅಲ್ಲಿ ನೆಲದ ಇಳಿಜಾರಿನಾಗ ಏನೋ ಐತಿ, ಅದಕ್ಕ ಹಿಂಗ ಆಗ್ತೈತಿ ಅಂತ ನನ್ನ ವಾದ. ಇದು ಹೊಸಾದ್ರಿ. ಯಾರೂ ಹೇಳಿಲ್ಲ."

ಅಮಾತೆಪ್ಪ ಬಾಯಿಗೆ ಒಯ್ದಿದ್ದ ಬಸಿಯನ್ನು ಇಳಿಸಿದ. "ಕೆಳಗ ಚಪ್ಪಟಿ ಇರಬೇಕೇನ್ರಿ?" ಎಂದು ಕೇಳಿದ.

"ಇರಬೇಕು! ಆದ್ರ ಇಲ್ಲಲ್ಲ! ಪ್ರೊಫೆಸರು ಮೊದಲ ನಂಬಲಿಲ್ಲ. ಸುರುಳಿ ಅಳದವರ ಕೈ ನೆಟ್ಟಗಿಲ್ಲೇನೋ ಅಂದ್ರು. ನಾ ಬರದೆ, ಸರ, ಇದು ತಪ್ಪೂ ಕೈ ಅಲ್ಲ, ಮೂವತ್ತು ವರ್ಷ ಇಳಕಲ್ ದಡಿ ಬರದ ಕೈ ಅಂತ. ಈಗ ಒಪ್ಯಾರ. ಮುಂದಿನ ತಿಂಗಳ ಇಪ್ಪತ್ತಕ್ಕ ಅಲ್ಲೆ ಸಭಾ ಐತಿ. ದೊಡ್ಡ ದೊಡ್ಡವರು ಬರ್ತಾರ. ನಾ ಓದೂವಾಂವ."

ಗ್ಲಾಸು ತೊಳೆಯುತ್ತ ಎಲ್ಲ ಕೇಳಿಸಿಕೊಂಡ ಅಹ್ಮದಸಾಬ ನಕ್ಕ. "ಹಂಗಾರ ಮಾಸ್ತರ್ರ, ನಮ್ಮ ಅಮಾತೆಪ್ಪ ಸಮುದ್ರಕ್ಕೂ ಇಳಕಲ್ ದಡಿ ಹಚ್ಚ್ಯಾನ ಅನ್ರಿ!"

ಮಾಸ್ತರರೂ ನಕ್ಕರು. ಅಮಾತೆಪ್ಪನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ ಅವನು ನಿಜ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ತಡವಾಗಿ ಬಂದಿದ್ದರೂ ಹೇಳುತ್ತಿರಲಿಲ್ಲ ಎಂಬುದು ಅವನಿಗೇ ಗೊತ್ತಿತ್ತು. ಮನೆಗೆ ಬಂದು ಲೆಕ್ಕ ಹಾಕಿದ. ಹೇಳಿದರೆ ಮಾಸ್ತರರ ಐದು ವರ್ಷ ನೀರು ಪಾಲು. ಊರಲ್ಲಿ ತನಗೆ ಉಳಿದಿರುವುದು ತಪ್ಪದ ಕೈ ಎಂಬ ಒಂದೇ ಹೆಸರು, ಅದೂ ಹೋಗುತ್ತದೆ. ಹೇಳದಿದ್ದರೆ? ಆ ಮನುಷ್ಯ ನಾಲ್ಕು ದೊಡ್ಡವರ ಮುಂದೆ ನಿಂತು, ಅಮಾತೆಪ್ಪ ಕಿಟಕಿಯಲ್ಲಿ ಕೂತು ತಿದ್ದಿದ್ದನ್ನು ಸಮುದ್ರ ಎಂದು ಓದುತ್ತಾನೆ.

ಒಂದೇ ಒಂದು ಆಸರೆ ಉಳಿದಿತ್ತು: ಪೆನ್ನು ನಿಜವಾಗಿಯೂ ಎಳೆದಾಡಿರಬಹುದು. ಪುಸ್ತಕದವರು ಬೇರೆ ಸಮುದ್ರ ನೋಡಿರಬಹುದು. ತಾನು ತಿದ್ದಿದ್ದೇ ಸರಿ ಇರಬಹುದು. ಈ ಆಸರೆ ಹಿಡಿದು ಅವನು ಮೂರು ವಾರ ಕಳೆದ. ಊಟಕ್ಕೆ ಕೂತರೆ ಪಲ್ಯದಲ್ಲಿ ಉಪ್ಪಿಲ್ಲದ್ದೂ ತಿಳಿಯುತ್ತಿರಲಿಲ್ಲ.

"ಏನಾಗೈತ್ರಿ ನಿಮಗ?" ಗುರುಲಿಂಗವ್ವ ಕೇಳಿದಳು. "ಬೇಕಂತನ ಉಪ್ಪ ಹಾಕಿಲ್ಲ ಇವತ್ತ, ಬೈತೀರೇನಂತ ನೋಡಾಕ."

"ಚಲೋ ಆಗೈತಿ," ಎಂದು ಅವನು ಎದ್ದು ಕೈ ತೊಳೆದುಕೊಂಡ. ಅವಳು ಗಾಬರಿಯಾದದ್ದು ಆಗಲೇ.

ಸಭೆಗೆ ಐದು ದಿನ ಇರುವಾಗ ಬಾದಾಮಿಯಲ್ಲಿ ಅಕ್ಕ ಸಿದ್ದವ್ವನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ಗುರುಲಿಂಗವ್ವನಿಗೆ ಮೊಣಕಾಲು ನೋವು. ಅಮಾತೆಪ್ಪ ಒಬ್ಬನೇ ಕುಬಸದ ಖಣ, ಕೊಬ್ಬರಿ ಬಟ್ಟಲು ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಹೋದ. ಹಿತ್ತಲಲ್ಲಿ ಕಾಲು ತೊಳೆಯಲು ಕೂತ. ಅಕ್ಕ ಪಕ್ಕದಲ್ಲೇ ಅರಿವೆ ಒಗೆಯುತ್ತಿದ್ದಳು. ಒಗೆಯುವ ಕಲ್ಲು ಬಾದಾಮಿಯ ಕೆಂಪು ಹಾಸುಗಲ್ಲು, ಮೈತುಂಬ ಸಾಲು ಸಾಲು ಏಣು. ಸಣ್ಣಂದಿನಿಂದ ಈ ಮನೆಗೆ ಬಂದಾಗೆಲ್ಲ ಅವನು ಕಾಲುಜ್ಜಿಕೊಂಡದ್ದು ಇದರ ಮೇಲೆಯೇ. ಅಂದೂ ಹಿಮ್ಮಡಿ ಉಜ್ಜಲು ಹೋದವನು ತಟ್ಟನೆ ನಿಂತ.

ಹಿಂದೊಮ್ಮೆ ಮಾಸ್ತರರು ಹೇಳಿದ್ದರು: ಬಾದಾಮಿಯ ಗುಡ್ಡದ ಕಲ್ಲು ಒಂದು ಕಾಲಕ್ಕೆ ನೀರಿನಡಿಯ ಉಸುಕು, ಅದರ ಮೇಲಿನ ಏಣುಗಳು ತೆರೆಗಳು ಮೂಡಿಸಿದವು. ಅಂದು ಅಮಾತೆಪ್ಪ ಹೌದ್ರಿ ಎಂದು ತಲೆಯಾಡಿಸಿ, ಓದಿದವರಿಗೆ ಬಿಸಿಲು ತಡೆಯುವುದಿಲ್ಲ ಅಂದುಕೊಂಡಿದ್ದ.

ಈಗ ಹೆಬ್ಬೆರಳನ್ನು ಏಣಿನ ಮೇಲಿಟ್ಟ. ಬೆರಳು ಕೂಡಲು ಜಾಗವಿರಲಿಲ್ಲ, ಅಷ್ಟು ಚೂಪು. ಪಕ್ಕದ ತಗ್ಗಿಗೆ ಇಳಿಸಿದ. ಅಲ್ಲಿ ಎರಡು ಬೆರಳು ಜೋಡಿಯಾಗಿ ಆರಾಮ ಮಲಗಿದವು. ಮುಂದಿನ ಏಣು, ಮುಂದಿನ ತಗ್ಗು. ಮತ್ತೆ ಅದೇ. ಕಲ್ಲಿನ ಈ ಕೊನೆಯಿಂದ ಆ ಕೊನೆಯವರೆಗೆ ಕುಕ್ಕರಗಾಲಲ್ಲಿ ಸರಿಯುತ್ತ ಹೋದ. ಮೇಲೆ ಚೂಪು, ಕೆಳಗೆ ಚಪ್ಪಟೆ.

"ಏನ ಹುಡಕ್ತೀಯೋ ತಮ್ಮಾ? ಉಂಗುರ ಬಿತ್ತೇನು?" ಎಂದಳು ಸಿದ್ದವ್ವ, ಸೀರೆ ಹಿಂಡುತ್ತ.

"ಅಕ್ಕಾ, ಈ ಕಲ್ಲಿಗೆ ಯಾರರ ಉಳಿ ಹಚ್ಚ್ಯಾರೇನು?"

"ಯಾರ ಹಚ್ತಾರ? ನಿಮ್ಮ ಮಾವ ಗುಡ್ಡದಿಂದ ಇದ್ದಂಗ ಹೊತ್ತಗೊಂಡ ಬಂದದ್ದು. ಅರಬಿ ಚಲೋ ಹೊಲಸ ಬಿಡ್ತಾವಂತ."

ಅಮಾತೆಪ್ಪ ಕಲ್ಲಿನ ಮೇಲೆಯೇ ಕೂತುಬಿಟ್ಟ. ಧೋತರ ತೋಯ್ದಿತು. ಈ ಕಲ್ಲಿಗೆ ಪೆನ್ನು ಇರಲಿಲ್ಲ. ಎಳೆದಾಡುವ ಯಂತ್ರ ಇರಲಿಲ್ಲ. ಮೂರು ವಾರದ ಆಸರೆ ಅಕ್ಕನ ಹಿತ್ತಲಲ್ಲಿ ಸಬಕಾರದ ನೊರೆಯೊಂದಿಗೆ ಹರಿದು ಹೋಯಿತು.

ತೊಟ್ಟಿಲು ತೂಗಿ, ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಮರುದಿನ ಮುಂಜಾನೆ ಇಳಕಲ್ಲಿನ ಬಸ್ಸು ಹಿಡಿಯಬೇಕಾದವನು ಸ್ಟೇಶನ್ನಿಗೆ ನಡೆದು ಬಾಗಲಕೋಟೆಯ ರೈಲು ಹತ್ತಿದ.

ಬಂಡೆಪ್ಪನವರ ಮನೆಯಲ್ಲಿ ಪ್ರಯಾಣದ ಗಡಿಬಿಡಿ. ಖುರ್ಚಿಯ ಮೇಲೆ ಇಸ್ತ್ರಿ ಮಾಡಿದ ಕೋಟು ತೂಗಿತ್ತು. ಮಾಸ್ತರರು ಕನ್ನಡಿಯ ಮುಂದೆ ಭಾಷಣ ಓದಿ ರೂಢಿ ಮಾಡಿಕೊಳ್ಳುತ್ತಿದ್ದರು.

"ಅರೆ ಅಮಾತೆಪ್ಪಣ್ಣ! ಬರ್ರಿ ಬರ್ರಿ. ಹರಸಾಕ ಬಂದೀರೇನು?"

"ಸರ, ಒಂದು ಸುರುಳಿ ತಗೀರಿ. ಯಾವುದರ ಆಗ್ಲಿ. ಅದರ ನನ್ನ ಹಾಳಿನೂ ತಗೀರಿ."

ಮಾಸ್ತರರು ಟ್ರಂಕು ತೆರೆದು ತೆಗೆದರು. ಅಮಾತೆಪ್ಪ ಸುರುಳಿ ಬಿಚ್ಚಿ, ಅದರ ಮೇಲೆ ತನ್ನ ತೆಳು ಹಾಳೆಯನ್ನಿಟ್ಟು, ಎರಡನ್ನೂ ಎತ್ತಿ ಕಿಟಕಿಗೆ ಹಿಡಿದ. ಐದು ವರ್ಷದಲ್ಲಿ ಹೀಗೆ ಹಿಡಿದದ್ದು ಇದೇ ಮೊದಲು. ಬೆಳಕಿನಲ್ಲಿ ಎರಡು ಗೆರೆಗಳು ಬೇರೆ ಬೇರೆ ಕಂಡವು. ನಡುವೆ ಕೆಂಪು ಗೆರೆಗುಂಟ ಮಡಚಿದ ಗುರುತು.

ಮಾಸ್ತರರು ಹತ್ತಿರ ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನಿದು ಅಮಾತೆಪ್ಪಣ್ಣ?"

"ಸರಿ ಮಾಡೇನ್ರಿ."

"ಏನ ಸರಿ ಮಾಡೀರಿ?"

"ಸಮುದ್ರಾ."

ಒಳಗೆ ಕುಕ್ಕರು ಸೀಟಿ ಹಾಕಿತು. ಮಾಸ್ತರರು ಟ್ರಂಕಿನಿಂದ ಇನ್ನೊಂದು ಹಾಳೆ ತೆಗೆದು ಕಿಟಕಿಗೆ ಹಿಡಿದರು.

"ಎಷ್ಟ ಹಾಳಿ?"

"ಎಲ್ಲಾ."

"ಅಲ್ರೀ, ಯಾರ ಹೇಳಿದ್ರು ನಿಮಗ ಮಡಚಾಕ?" ಮಾಸ್ತರರು ಮಡಿಕೆಯ ಗುರುತಿನ ಮೇಲೆ ಬೆರಳಿಟ್ಟರು.

"ನೀವ ಹೇಳಿದಂಗ ಆತ್ರಿ. ನಡುವ ಕೆಂಪ ಗೆರಿ ಹೊಡದ ಕೊಟ್ಟಿದ್ರೆಲ್ಲ."

"ಅದು ನಿಂತ ನೀರಿನ ಮಟ್ಟಾ ತೋರಸೂ ಗೆರಿ!"

"ನಮ್ಮಲ್ಲೆ ನಡುವಿನ ಕೆಂಪ ಗೆರಿ ಅಂದ್ರ ಮಡಚೂ ಗೆರಿ, ಸರ. ಮೂವತ್ತು ವರ್ಷದಿಂದ ಮಡಚೇನಿ. ಮಡಚಬಾರದು ಅಂತ ಒಂದ ಗೆರಿ ಇರತೈತಿ ಅನ್ನೂದು ನನಗ ಗೊತ್ತಿರಲಿಲ್ಲ."

ಬಂಡೆಪ್ಪನವರು ಕೋಟು ತೂಗಿದ್ದ ಖುರ್ಚಿಯ ಮೇಲೆಯೇ ಕೂತರು. ಇಸ್ತ್ರಿ ಕೆಟ್ಟಿತು. ಬೈಯುತ್ತಾರೆಂದು ಅಮಾತೆಪ್ಪ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಬೈಯಲು ಬೇಕಾದ ತ್ರಾಣ ಅವರಲ್ಲೂ ಉಳಿದಂತಿರಲಿಲ್ಲ.

"ನೀವು ಹೇಳದ ಇದ್ದಿದ್ರ," ಎಂದರು, "ಯಾರಿಗೂ ಗೊತ್ತಾಗ್ತಿದ್ದಿಲ್ಲ. ಸಭಾ ಮುಗದ ಮ್ಯಾಲ ಈ ಸುರುಳಿ ಬಂದರಕ್ಕ ಹೋಗ್ತಾವು. ಅಲ್ಲೆ ಅವನ್ನ ಇಲಿ ತಿಂತಾವು."

"ನಮ್ಮ ಅಕ್ಕನ ಮನಿ ಅರಬಿ ಒಗಿಯೂ ಕಲ್ಲಿಗೆ ಗೊತ್ತೈತ್ರಿ," ಎಂದು ಅಮಾತೆಪ್ಪ ಹಿತ್ತಲಿನ ಕಥೆ ಹೇಳಿದ. ಹೆಬ್ಬೆರಳು ಎಲ್ಲಿ ಕೂಡಲಿಲ್ಲ, ಎರಡು ಬೆರಳು ಎಲ್ಲಿ ಮಲಗಿದವು ಎಂದು ಟೇಬಲ್ಲಿನ ಮೇಲೆ ತೋರಿಸಿದ.

ಬಂಡೆಪ್ಪನವರಿಗೆ ಅಂಥ ಹೊತ್ತಿನಲ್ಲೂ ಪಾಠ ಹೇಳದೆ ಇರಲಾಗಲಿಲ್ಲ. "ಕಲ್ಲಿನ ಮ್ಯಾಲಿಂದು ತೆರಿ ಅಲ್ರಿ, ತೆರಿ ಉಸಕಿನ ಮ್ಯಾಲ ಬಿಟ್ಟ ಹೋದ ಗುರತು. ಅದನ್ನ ಇದಕ್ಕ ಸಾಕ್ಷಿ ಅಂತ ಹಿಡಿಯಾಕ ಬರೂದಿಲ್ಲ."

"ನನಗ ಸಾಕಾತ್ರಿ," ಎಂದ ಅಮಾತೆಪ್ಪ.

ಮಾಸ್ತರರು ಎದ್ದು ಕೋಟನ್ನು ಕಪಾಟಿನೊಳಗೆ ಹಾಕಿದರು. ಅಂಗಿ ತೊಟ್ಟುಕೊಂಡು ಪೋಸ್ಟಾಫೀಸಿಗೆ ಹೋಗಿ, ಸಭೆಗೆ ಬರಲಾಗುವುದಿಲ್ಲ, ಅಳತೆಯಲ್ಲಿ ತಪ್ಪಾಗಿದೆ ಎಂದು ಪ್ರೊಫೆಸರರಿಗೆ ತಾರು ಕೊಟ್ಟು ಬಂದರು. ಅಷ್ಟರಲ್ಲಿ ಅವರ ಹೆಂಡತಿ ಅಮಾತೆಪ್ಪನಿಗೆ ಊಟ ಬಡಿಸಿದ್ದರು. ಅವನು ಎರಡು ತುತ್ತಿನ ಮೇಲೆ ಉಣ್ಣಲಾರದೆ ಕೂತಿದ್ದ. ಮಾಸ್ತರರು ಎದುರಿಗೆ ಕೂತು, ಮೂರು ಸುರುಳಿಗೆ ಒಂದರಂತೆ ಮತ್ತೆ ಓದಿದರೂ ಸಾಕು, ಇಪ್ಪತ್ತೊಂದು ಆಗುತ್ತವೆ, ಅಷ್ಟಕ್ಕೆ ಗಡುವು ಕೇಳಿಕೊಳ್ಳಬಹುದು ಎಂದು ಲೆಕ್ಕ ಹಾಕಿದರು.

"ಯಾರ ಓದ್ತಾರ್ರಿ?" ಎಂದ ಅಮಾತೆಪ್ಪ.

"ನೀವ. ಮತ್ತ್ಯಾರು? ಈಗರ ನಿಮಗ ಸಮುದ್ರ ಹೆಂಗಿರತೈತಿ ಅನ್ನೂದು ಗೊತ್ತಾತಲ್ಲ."

ಅಮಾತೆಪ್ಪನ ಕೈ ತಾಟಿಗೆ ಹೋಯಿತು. ಮೂರನೆಯ ತುತ್ತು ಇಳಿಯಿತು.

ಮತ್ತೆ ಟ್ರಂಕು ಇಳಕಲ್ಲಿಗೆ ಬಂತು. ವಿಷಯ ತಿಳಿದ ಗುರುಲಿಂಗವ್ವ ಗಂಡನನ್ನು ಬೈಯಲಿಲ್ಲ. ಆದರೆ ಮಾರನೆಯ ದಿನ ಅವನು ಹಾಳೆ ಇಳಿಸಿಕೊಂಡದ್ದೇ ತಡ, ಅವನ ಎಡಗೈ ಕೆಂಪು ಗೆರೆಯ ಕಡೆ ಸರಿಯುವುದನ್ನು ಕಂಡಳು. ಅವನಿಗೇ ಅದು ಗೊತ್ತಿರಲಿಲ್ಲ. ಕೈಗೆ ಒಂದು ಏಟು ಕೊಟ್ಟಳು. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಹೋಯಿತು. ಅವಳು ಎದ್ದು ಹೋಗಿ, ಮಗ್ಗದ ಹಾಸಿನ ನೂಲಿಗೆ ಹಚ್ಚಲು ಪಕ್ಕದ ಮನೆಯವರು ಕುದಿಸಿದ್ದ ಗಂಜಿಯಲ್ಲಿ ಒಂದು ಬಟ್ಟಲು ಇಸಿದುಕೊಂಡು ಬಂದಳು. ರೊಟ್ಟಿ ಬಡಿಯುವ ಹಳೆಯ ಹಲಗೆಗೆ ಬಳಿದು, ಹಾಳೆಯನ್ನು ನಾಲ್ಕೂ ಮೂಲೆ ಒತ್ತಿ ಅಂಟಿಸಿದಳು.

"ಈಗ ಮಡಚ್ರಿ, ನೋಡೋಣು."

ಅಂದಿನಿಂದ ದಿನಾ ಮುಂಜಾನೆ ಗಂಜಿ. ಒಂದು ಹಾಳೆ ಮುಗಿದರೆ ನೀರು ಚಿಮುಕಿಸಿ ಎಬ್ಬಿಸಿ ಇನ್ನೊಂದನ್ನು ಅಂಟಿಸಬೇಕು. ಅಮಾತೆಪ್ಪ ಚೂಪನ್ನು ಚೂಪೆಂದೂ ಚಪ್ಪಟೆಯನ್ನು ಚಪ್ಪಟೆಯೆಂದೂ ಬರೆಯುತ್ತ ಹೋದ. ತಿದ್ದುವ ಮೂರು ತಾಸು ಉಳಿತಾಯವಾಗಿತ್ತು. ಆದರೆ ತಿದ್ದದೆ ಸುಮ್ಮನಿರುವುದಕ್ಕೆ ಅವನಿಗೆ ಅದಕ್ಕಿಂತ ಹೆಚ್ಚು ತ್ರಾಣ ಬೇಕಾಗುತ್ತಿತ್ತು. ಕೆಲವು ತೆರೆಗಳಂತೂ ಒಂದು ಕಡೆ ವಾಲಿ, ಬೀಳುವ ಗೋಡೆಯಂತೆ ನಿಂತಿರುತ್ತಿದ್ದವು. ಆಗ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಕೂಡುವನು. ಇಪ್ಪತ್ತೊಂದು ಸುರುಳಿಗೆ ಎರಡು ವರ್ಷ ಹಿಡಿಯಿತು. ಎಡಗಣ್ಣು ಹೆಚ್ಚು ಕಡಿಮೆ ಕೈ ಬಿಟ್ಟಿತು.

ಎಂಬತ್ತಾರರಲ್ಲಿ ಬಂಡೆಪ್ಪನವರು 'ಡಾಕ್ಟರ್' ಆದರು. ಪೇಢೆಯ ಡಬ್ಬಿ ಹಿಡಿದುಕೊಂಡು ಇಳಕಲ್ಲಿಗೆ ಬಂದಾಗ ತಲೆಯಲ್ಲಿ ಅರ್ಧ ಬಿಳಿ. ಅಮಾತೆಪ್ಪ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಮಾಸ್ತರರು ಪಕ್ಕದಲ್ಲಿ ಕೂತರು. ಇಬ್ಬರಿಗೂ ಒಮ್ಮೆಲೇ ನಿಟ್ಟುಸಿರು ಬಂತು.

"ಏಳು ವರ್ಷ ದುಡದು ಎಲ್ಲಾರಿಗೂ ಗೊತ್ತಿದ್ದದ್ದ ಕಂಡ ಹಿಡದಿವಿ ಅಮಾತೆಪ್ಪಣ್ಣ. ಮ್ಯಾಲ ಚೂಪ, ಕೆಳಗ ಚಪ್ಪಟಿ."

"ನಾ ಅಷ್ಟ ದುಡೀದ ಇದ್ದಿದ್ರ ಮೂರ ವರ್ಷದಾಗ ಆಗ್ತಿತ್ರಿ."

ಬಂಡೆಪ್ಪನವರು ನಕ್ಕರು, ಹೆಚ್ಚಲ್ಲ. ಪೇಢೆ ಮುರಿದು ಅರ್ಧ ಅವನ ಕೈಗಿಟ್ಟರು. "ಬರೂ ರಜಾದಾಗ ನಡೀರಿ, ಖರೆ ಸಮುದ್ರಾ ತೋರಿಸಿಕೊಂಡ ಬರ್ತೇನಿ. ಇಷ್ಟ ಅಳದ ಮ್ಯಾಲ ಒಂದ ಸರ್ತಿ ನೋಡೂದು ಬ್ಯಾಡೇನ್ರಿ?"

ಅಮಾತೆಪ್ಪ ಪೇಢೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಕರಗಿಸಿದ.

"ಬ್ಯಾಡ್ರಿ ಸರ. ನೋಡಿದ್ರ ಮತ್ತ ಕೈ ತಿದ್ದಾಕ ಹೋಗ್ತೈತಿ."

ಒಳಗಿನಿಂದ ಗುರುಲಿಂಗವ್ವನ ದನಿ ಬಂತು. "ನಳಾ ಬಂತ್ರೀ! ಏಳ್ರಿ!"

ಅಮಾತೆಪ್ಪ ಕಂಬ ಹಿಡಿದು ಎದ್ದ. ಬಂಡೆಪ್ಪನವರೂ ಎದ್ದು, ಇನ್ನೊಂದು ಕೊಡ ಎಲ್ಲಿದೆ ಎಂದು ಕೇಳಿದರು.